ಒಡೆಯದ ಬೆಲ್ಲದ ಚಹಾ: ಬಾಗಲಕೋಟೆಯ ಅಡುಗೆಮನೆಯಿಂದ ಕೆಲಸದ ಟಿಪ್ಪಣಿ

ಮಾಡಬೇಕಿದ್ದದ್ದು ಇಷ್ಟೇ: ಹಾಲು, ಹಸಿಶುಂಠಿ, ಬೆಲ್ಲ ಹಾಕಿದ ಚಹಾ. ಒಂದು ಸಲಕ್ಕೆ ನಾಲ್ಕು ಕಪ್ಪು, ಮುಂಜಾನೆ ಒಮ್ಮೆ, ಸಂಜೆ ಒಮ್ಮೆ. ಹಾಲು ಒಡೆಯಬಾರದು. ಬೆಲ್ಲದ ಪೇಟೆಗೆ ಹೆಸರಾದ ಮಹಾಲಿಂಗಪುರ ನಮ್ಮ ಜಿಲ್ಲೆಯಲ್ಲೇ ಇದೆ, ಮನೆಯಲ್ಲಿ ಪೆಂಟಿ ಬೆಲ್ಲ ತೀರಿದ್ದು ನನಗೆ ನೆನಪಿಲ್ಲ. ಆದರೂ ಚಹಾಕ್ಕೆ ಮಾತ್ರ ಕೈ ಸಕ್ಕರೆ ಡಬ್ಬಿಗೇ ಹೋಗುತ್ತಿತ್ತು, ಒಡೆಯುವ ಭಯಕ್ಕೆ. ರಸ್ತೆ ಬದಿಯಲ್ಲಿ ಎಲ್ಲಿ ನೋಡಿದರಲ್ಲಿ ‘ಬೆಲ್ಲದ ಚಹಾ’ ಬೋರ್ಡು ತೂಗುತ್ತಿರುವಾಗ ಮನೆಯಲ್ಲಿ ಮಾತ್ರ ಆಗುವುದಿಲ್ಲ ಅನ್ನುವುದು ನನಗೆ ಸರಿ ಕಾಣಲಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ಇದು ಸಕ್ಕರೆ ಕಾಯಿಲೆಯವರ ಚಹಾ ಅಲ್ಲ. ಬೆಲ್ಲದಲ್ಲೂ ಬಹುಪಾಲು ಇರುವುದು ಸಕ್ಕರೆಯೇ. ಬೋರ್ಡಿನ ಮೇಲೆ ಏನೇ ಬರೆದಿರಲಿ, ನಾನು ಮಾಡಿದ್ದು ರುಚಿಗೆ.

ಸಾಮಾನು

ದಪ್ಪ ತಳದ ಸ್ಟೀಲ್ ಪಾತೇಲಿ ಒಂದು, ಹಾಲಿಗೆ ಸಣ್ಣದೊಂದು, ಕುಟ್ಟಾಣಿ, ಚಹಾ ಸೋಸುವ ಜಾಳಿಗೆ, ಹಳೆಯ ಧೋತರದ ತುಂಡು. ಇವು ಮನೆಯಲ್ಲೇ ಇದ್ದವು. ಹೊಸದಾಗಿ ಕೊಂಡದ್ದು ಮೂರು: ಗ್ರಾಂ ತೋರಿಸುವ ಸಣ್ಣ ಕಾಟಾ (350 ರೂಪಾಯಿ), ಅಡುಗೆಗೆ ಬಳಸುವ ಕಡ್ಡಿ ಥರ್ಮಾಮೀಟರ್ (400), ಹುಳಿ ನೋಡುವ ಪಿಎಚ್ ಪಟ್ಟಿಯ ಪುಸ್ತಕ (90, ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ). ಪಟ್ಟಿ ಇಲ್ಲದೆಯೂ ಕೆಲಸ ಸಾಗುತ್ತದೆ, ಕಾಟಾ ಇಲ್ಲದೆ ಸಾಗುವುದಿಲ್ಲ. ಬೆಲ್ಲವನ್ನು ಚಮಚದಲ್ಲಿ ಅಳೆಯುವುದು ಅಂದರೆ ಸುಮ್ಮನೆ ಅಂದಾಜು.

ಹಂತ 1: ಸಕ್ಕರೆ ಚಹಾ, ಅಳತೆ ಕೂಡಿಸಲಿಕ್ಕೆ

ಬೆಲ್ಲ ಮುಟ್ಟುವ ಮೊದಲು ಸಕ್ಕರೆ ಚಹಾದ ಅಳತೆ ಗಟ್ಟಿ ಮಾಡಿಕೊಂಡೆ. ಇಲ್ಲದಿದ್ದರೆ ಮುಂದೆ ರುಚಿ ಕೆಟ್ಟರೆ ಅದು ಪುಡಿಯದೋ ಬೆಲ್ಲದ್ದೋ ತಿಳಿಯುವುದಿಲ್ಲ. ನಮ್ಮ ಮನೆಯ ಕಪ್ಪು 120 ಮಿಲಿಯದು. ನಾಲ್ಕಕ್ಕೆ ನೀರು 280 ಮಿಲಿ, ಎಮ್ಮೆ ಹಾಲು 280 ಮಿಲಿ, ಚಹಾಪುಡಿ 10 ಗ್ರಾಂ, ಸಕ್ಕರೆ 34 ಗ್ರಾಂ. ಕುದಿಯುವಾಗ ಆವಿಯಾಗಿ ಹೋಗುವುದು, ಪುಡಿ ಕುಡಿಯುವುದು ಕಳೆದು ಹೆಚ್ಚುಕಮ್ಮಿ 480 ಉಳಿಯುತ್ತದೆ. ನೀರು ಕುದ್ದ ಮೇಲೆ ಪುಡಿ, ಮೂರು ನಿಮಿಷ. ಆಮೇಲೆ ಹಾಲು, ಒಮ್ಮೆ ಉಕ್ಕಿ ಬಂದ ಮೇಲೆ ಸಣ್ಣ ಉರಿಯಲ್ಲಿ ನಾಲ್ಕು ನಿಮಿಷ.

ಪ್ಯಾಕೆಟ್ ಹಾಲಾದರೆ ಈ ಅಳತೆ ನಡೆಯುವುದಿಲ್ಲ. ಟೋನ್ಡ್ ಹಾಲಿನಲ್ಲಿ ಕೊಬ್ಬು ಶೇ 3, ಎಮ್ಮೆ ಹಾಲಿನಲ್ಲಿ ಶೇ 7ರ ಆಸುಪಾಸು. ಟೋನ್ಡ್ ಹಾಲಿಗೆ ನೀರು 220, ಹಾಲು 340 ಮಾಡಿದಾಗ ಬಾಯಿಗೆ ಅದೇ ತೂಕ ಬಂತು.

ಥರ್ಮಾಮೀಟರ್ ಕುದಿಯುವ ನೀರಿನಲ್ಲಿ 98 ತೋರಿಸಿ ನಿಂತಿತು. ಕಡ್ಡಿ ಕೆಟ್ಟಿಲ್ಲ. ಬಾಗಲಕೋಟೆ ಸಮುದ್ರಮಟ್ಟದಿಂದ 500 ಮೀಟರಿಗೂ ಮೇಲಿದೆ, ಇಲ್ಲಿ ನೀರು 100ಕ್ಕೆ ಮುಟ್ಟುವ ಮೊದಲೇ ಕುದಿಯುತ್ತದೆ. ಬೆಳಗಾವಿಯವರಿಗೆ ಇನ್ನೂ ಸ್ವಲ್ಪ ಕಡಿಮೆ ಬರಬೇಕು.

ಹಂತ 2: ನೀರು

ನವನಗರದ ನಮ್ಮ ಮನೆಗೆ ಎರಡು ನೀರು: ನಳದ್ದು, ಬೋರಿನದ್ದು. ಈ ನೆಲದಡಿ ಸುಣ್ಣದ ಕಲ್ಲು. ಊರಿಗೆ ಸಿಮೆಂಟ್ ಕಾರ್ಖಾನೆ ಬಂದದ್ದೂ ಅದಕ್ಕೇ, ನಮ್ಮ ಬೋರಿನ ನೀರು ಕಾಯಿಸಿದ ಪಾತ್ರೆಗೆ ಬಿಳಿ ಪದರ ಕಟ್ಟುವುದೂ ಅದಕ್ಕೇ.

ಎರಡು ನೀರಿನಲ್ಲೂ ಹಾಲಿಲ್ಲದ ಡಿಕಾಕ್ಷನ್ ಮಾಡಿ ಬಿಳಿ ಬಟ್ಟಲುಗಳಲ್ಲಿ ಹತ್ತು ನಿಮಿಷ ಬಿಟ್ಟೆ. ನಳದ ನೀರಿನದು ಕೆಂಪಗೆ, ತಿಳಿಯಾಗಿ ಕೂತಿತ್ತು. ಬೋರಿನದರ ಮೇಲೆ ಕಂದು ಪೊರೆ. ಹಾಲಿನ ಕೆನೆಗೆ ಚಮಚ ತಾಗಿಸಿದರೆ ಅದು ಮಡಚಿಕೊಳ್ಳುತ್ತದೆ. ಈ ಪೊರೆ ಮಡಚಲಿಲ್ಲ, ಚೂಪು ಅಂಚಿನ ತುಂಡುಗಳಾಗಿ ಒಡೆದು ಒಂದೊಂದೂ ಬೇರೆ ಬೇರೆ ತೇಲಿತು, ಬಟ್ಟಲಿನ ಗೋಡೆಗೆ ಉಂಗುರ ಕಟ್ಟಿತು. ಬಣ್ಣವೂ ಮಂಕು. ಹಾಲು ಬಿದ್ದ ಮೇಲೆ ಪೊರೆ ಅಷ್ಟು ಕಾಣುವುದಿಲ್ಲ, ಆದರೆ ಪುಡಿಯ ಖಾರ ಅರ್ಧಕ್ಕೆ ಇಳಿಯುತ್ತದೆ. ಅಲ್ಲಿಂದ ಮುಂದಿನದೆಲ್ಲ ನಳದ ನೀರಿನಲ್ಲೇ. ಫಿಲ್ಟರ್ ನೀರಿನಲ್ಲೂ ನೋಡಿದೆ, ಬಣ್ಣ ಚೆಂದ, ವಿಶೇಷ ಫರಕಿಲ್ಲ.

ಹಂತ 3: ಎಲ್ಲ ಒಮ್ಮೆಲೇ

ಪಾತೇಲಿಯಲ್ಲಿ ನೀರು, ಹಾಲು, ಕುಟ್ಟಿದ ಹಸಿಶುಂಠಿ 8 ಗ್ರಾಂ, ಪುಡಿ, ಬೆಲ್ಲ 45 ಗ್ರಾಂ. ಎಲ್ಲ ತಣ್ಣಗಿರುವಾಗಲೇ ಹಾಕಿ ಒಲೆಯ ಮೇಲೆ. ಸಕ್ಕರೆ ಚಹಾ ಹೀಗೆ ಮಾಡುವವರು ಬೇಕಾದಷ್ಟು ಮಂದಿ ಇದ್ದಾರೆ, ಏನೂ ಆಗುವುದಿಲ್ಲ.

ಬೆಲ್ಲದ್ದು ಒಡೆಯಿತು. ಹೇಗೆ ಒಡೆಯುತ್ತದೆ ಎಂದು ನೋಡಲಿಕ್ಕೇ ಪಕ್ಕದಲ್ಲಿ ನಿಂತಿದ್ದೆ. ಮೊದಲ ಸುಳಿವು ನಡುವೆ ಕಾಣುವುದಿಲ್ಲ, ಅಂಚಿನಲ್ಲಿ ಕಾಣುತ್ತದೆ. ಚಹಾ ಪಾತ್ರೆಯ ಗೋಡೆಯಿಂದ ಇಳಿಯುವಾಗ ನುಣ್ಣಗೆ ಇಳಿಯದೆ ಸಣ್ಣ ರವೆಯಂಥ ಕಾಳು ಬಿಟ್ಟು ಹೋಗುತ್ತದೆ. ಚಮಚದ ಬೆನ್ನಿಗೂ ಅವೇ ಕಾಳು. ಆಮೇಲೆ ಒಂದೆರಡು ಕುದಿಗೆ ಕಾಳು ಕೂಡಿ ಕೂಡಿ ದೊಡ್ಡದಾಗುತ್ತವೆ, ನಡುವೆ ತೆಳ್ಳನೆಯ ಕಂದು ನೀರು ಬೇರೆಯಾಗುತ್ತದೆ. ಅಂಚಿನಲ್ಲಿ ಕಾಳು ಕಂಡ ಕ್ಷಣ ಒಲೆ ಆರಿಸಿ ಸೋಸಿಬಿಟ್ಟರೆ ಕುಡಿಯಲು ಬರುತ್ತದೆ, ಬಾಯಿಗೆ ಸ್ವಲ್ಪ ಒರಟು. ನೀರು ಬೇರೆಯಾದ ಮೇಲೆ ಏನು ಮಾಡಿದರೂ ತಿರುಗಿ ಬರುವುದಿಲ್ಲ.

ಅವ್ವ ನೋಡಿದಳು. “ಚಾ ಮಾಡಾಕತ್ತೀಯೋ, ಗಿಣ್ಣ ಮಾಡಾಕತ್ತೀಯೋ?” ಅಂದು ತನ್ನ ಪಾಲಿಗೆ ಸಕ್ಕರೆ ಚಹಾ ತಾನೇ ಮಾಡಿಕೊಂಡಳು.

ಹಂತ 4: ಒಂದೊಂದನ್ನೇ ಬಿಡಿಸಿ

ಅದೇ ಹಾಲು 100 ಮಿಲಿಯಂತೆ ಬೇರೆ ಬೇರೆ ಪಾತ್ರೆಗಳಲ್ಲಿ ತೆಗೆದುಕೊಂಡೆ.

ಬರೀ ಹಾಲು, ಐದು ನಿಮಿಷ ಕುದಿ: ಏನೂ ಆಗಲಿಲ್ಲ. ಅಂದರೆ ಹಾಲು ತಾಜಾ ಇದೆ. ಈ ಪರೀಕ್ಷೆ ಬಿಡಬೇಡಿ. ಬೇಸಿಗೆಯಲ್ಲಿ ನಮ್ಮಲ್ಲಿ 40 ಡಿಗ್ರಿ ಏರಿದಾಗ ಮುಂಜಾನೆಯ ಹಾಲು ಕಾಯಿಸದೆ ಹೊರಗಿಟ್ಟರೆ ಮಧ್ಯಾಹ್ನಕ್ಕೇ ಒಳಗೊಳಗೆ ಹುಳಿಯಾಗಿರುತ್ತದೆ, ಬೈಗುಳ ಮಾತ್ರ ಬೆಲ್ಲಕ್ಕೆ.

ಹಾಲು ಮತ್ತು ಚಹಾಪುಡಿ: ಏನೂ ಆಗಲಿಲ್ಲ.

ಕುದಿಯುವ ಹಾಲಿಗೆ ಕುಟ್ಟಿದ ಶುಂಠಿ: ಏನೂ ಆಗಲಿಲ್ಲ.

ಹಾಲನ್ನು 65 ಡಿಗ್ರಿಗೆ ನಿಲ್ಲಿಸಿ, ಒಂದು ಚಮಚ ಶುಂಠಿ ರಸ ಬಿಟ್ಟು, ಕಲಕದೆ ಮುಚ್ಚಿಟ್ಟದ್ದು: ಹತ್ತು ನಿಮಿಷಕ್ಕೆ ಹೆಪ್ಪುಗಟ್ಟಿತ್ತು. ಚಮಚ ಊರಿದರೆ ಗುಂಡಿ ಬಿದ್ದು ಹಾಗೇ ನಿಂತಿತು. ನಿಂಬೆ ಇಲ್ಲ, ಮಜ್ಜಿಗೆ ಇಲ್ಲ, ಬರೀ ಶುಂಠಿ. ಹಸಿಶುಂಠಿಯಲ್ಲಿ ಹಾಲಿನ ಪ್ರೋಟೀನನ್ನು ಕತ್ತರಿಸುವ ಕಿಣ್ವ ಇದೆ. ಬಿಸಿ 60-65ರ ಆಸುಪಾಸು ಇದ್ದಾಗ ಅದರ ಕೆಲಸ ಜೋರು, ಕುದಿಯಲ್ಲಿ ಅದು ಸಾಯುತ್ತದೆ. ತಣ್ಣನೆಯ ಹಾಲಿಗೆ ಶುಂಠಿ ಹಾಕಿ ಸಣ್ಣ ಉರಿಯಲ್ಲಿ ನಿಧಾನ ಕಾಯಿಸಿದರೆ, ಅದಕ್ಕೆ ಬೇಕಾದ ಬಿಸಿಯಲ್ಲಿ ಬೇಕಾದಷ್ಟು ಹೊತ್ತು ನಾವೇ ಕೊಟ್ಟ ಹಾಗೆ. ಒಣ ಶುಂಠಿ ಪುಡಿಯಲ್ಲಿ ಇದೇ ಪರೀಕ್ಷೆ ಮಾಡಿದಾಗ ಹಾಲು ಹೆಪ್ಪಾಗಲಿಲ್ಲ, ಆದರೆ ಘಾಟು ಬೇರೆ, ನನಗೆ ಚಹಾದಲ್ಲಿ ಹಸಿಯದೇ ಬೇಕು.

ಶುಂಠಿಗೆ ಪರಿಹಾರ ಸುಲಭ: ಮೊದಲು ನೀರಿನಲ್ಲಿ ಹಾಕಿ ನಾಲ್ಕು ನಿಮಿಷ ಕುದಿಸು, ಹಾಲು ಆಮೇಲೆ. ಇಷ್ಟರಿಂದಲೇ ಅರ್ಧ ತಕರಾರು ಮುಗಿಯಿತು. ಉಳಿದರ್ಧ ಬೆಲ್ಲದ್ದು.

ಹಂತ 5: ಯಾವ ಬೆಲ್ಲ

ನಾಲ್ಕು ಬೆಲ್ಲ ಸೇರಿಸಿದೆ. ಕಿರಾಣಿ ಅಂಗಡಿಯ ಹಳದಿ ಬೆಲ್ಲ, ನೋಡಲು ಚೆಂದ. ಪ್ಯಾಕೆಟ್ ಬೆಲ್ಲದ ಪುಡಿ. ಮಳೆಗಾಲದಿಂದ ಡಬ್ಬಿಯ ತಳದಲ್ಲಿ ಕೂತು ಬೆವತ ಹಳೆ ಬೆಲ್ಲ. ನಾಲ್ಕನೆಯದು ಮಹಾಲಿಂಗಪುರದ ಹತ್ತಿರ ಕಬ್ಬು ಬೆಳೆಯುವ ನಮ್ಮ ಸೋದರಮಾವನ ಗಾಣದ್ದು, ಕಪ್ಪು-ಕಂದು, ಉಗುರಿಗೆ ಮೆತ್ತಗೆ.

ಗಾಣದಲ್ಲಿ ಮಾವನನ್ನು ಕೇಳಿದೆ: “ಮಾಮಾ, ಇದಕ್ಕ ಹೈಡ್ರೋಸ್ ಹಾಕೀರೇನು?”

“ಸವಾಲಿಗೆ ಹೋಗೂದಕ್ಕ ಹಾಕ್ತೀವಿ ತಮ್ಮಾ. ಹಾಕಲಿಲ್ಲಂದ್ರ ಬೆಲ್ಲ ಕರ್ರಗ ಬರ್ತೈತಿ, ರೇಟ್ ಬೀಳ್ತೈತಿ. ಇದು ಮನಿಗೆ ಅಂತ ತಗದದ್ದು. ಸುಣ್ಣದ ನೀರು, ಬೆಂಡಿ ಗಿಡದ ಲೋಳಿ, ಅಷ್ಟ.”

ಸವಾಲು ಅಂದರೆ ಪೇಟೆಯ ಹರಾಜು. ಲೋಳೆ ಕುದಿಯುವ ರಸದಲ್ಲಿನ ಹೊಲಸನ್ನೆಲ್ಲ ಹಿಡಿದು ಮೇಲಕ್ಕೆ ತರುತ್ತದೆ, ಅದನ್ನು ಜಾಲಿಸಿ ತೆಗೆಯುತ್ತಾರೆ. ಸುಣ್ಣ ಹುಳಿ ಮುರಿಯುತ್ತದೆ. ಹೈಡ್ರೋಸ್ ಅನ್ನುವ ರಾಸಾಯನಿಕ ಬಣ್ಣ ತೆಗೆಯುತ್ತದೆ. ಕೊಳ್ಳುವವರು ಹಳದಿ ಕೇಳುವವರೆಗೆ ಮಾಡುವವರು ಹಳದಿಯನ್ನೇ ಮಾಡುತ್ತಾರೆ, ಅದರಲ್ಲಿ ಗಾಣದವರನ್ನು ಬೈದು ಏನೂ ಉಪಯೋಗವಿಲ್ಲ.

ಪ್ರತಿಯೊಂದನ್ನೂ 50 ಗ್ರಾಂ ತೂಗಿ 100 ಮಿಲಿ ಬಿಸಿನೀರಿನಲ್ಲಿ ಕರಗಿಸಿ ಧೋತರದಲ್ಲಿ ಸೋಸಿದೆ. ಬಟ್ಟೆಯ ಮೇಲೆ ಉಳಿದದ್ದನ್ನು ಒಮ್ಮೆ ನೋಡಿದವರು ಬೆಲ್ಲವನ್ನು ನೇರ ಚಹಾಕ್ಕೆ ಹಾಕುವುದಿಲ್ಲ: ಮರಳು, ಕಬ್ಬಿನ ನಾರು, ಗೋಣಿಯ ಎಳೆ, ಒಂದರಲ್ಲಿ ಇರುವೆ. ಹೆಚ್ಚು ಮರಳು ಬಂದದ್ದು ಮಾವನ ಬೆಲ್ಲದಲ್ಲೇ. ಮನೆಯದು ಅಂದ ಮಾತ್ರಕ್ಕೆ ಸ್ವಚ್ಛ ಅಲ್ಲ.

ಪಟ್ಟಿಯ ಬಣ್ಣ ಒರಟು ಅಳತೆ, ಅರ್ಧ ಅಂಕ ಆಚೀಚೆ ಅನ್ನಿ. ಅಂಕ ಇಳಿದಷ್ಟೂ ಹುಳಿ ಹೆಚ್ಚು. ಹಳೆ ಬೆಲ್ಲ 5ರ ಹತ್ತಿರ. ಅಂಗಡಿಯ ಹಳದಿ 5.5. ಪುಡಿ ಅದಕ್ಕಿಂತ ಸ್ವಲ್ಪ ಮೇಲೆ. ಮಾವನದು 6 ದಾಟಿತ್ತು. ತಾಜಾ ಹಾಲು 6.6ರಿಂದ 6.8ರ ನಡುವೆ ಇರುತ್ತದೆ. ಅದು ಸ್ವಲ್ಪ ಕೆಳಗೆ ಜಾರಿದರೂ ಕುದಿಯ ಬಿಸಿಯನ್ನು ತಾಳುವುದಿಲ್ಲ.

ಇನ್ನು ನಿಜವಾದ ಪರೀಕ್ಷೆ. ಕುದಿಯುತ್ತಿರುವ 100 ಮಿಲಿ ಹಾಲಿಗೆ 30 ಮಿಲಿ ಬೆಲ್ಲದ ನೀರು, ಉರಿ ಹಾಗೇ. ಹಳೆ ಬೆಲ್ಲ ಬಿದ್ದ ತಕ್ಷಣ ಒಡೆಯಿತು. ಹಳದಿ ಒಂದು ನಿಮಿಷ ಸುಮ್ಮನಿದ್ದು ಒಡೆಯಿತು. ಪುಡಿಯದು ಎರಡು ನಿಮಿಷ. ಮಾವನ ಬೆಲ್ಲ ಐದು ನಿಮಿಷ ಕುದಿಸಿದ ಮೇಲೆ ಅಂಚಿನಲ್ಲಿ ಸಣ್ಣ ಕಾಳು ತೋರಿಸಿತು. ಅಂದರೆ ಒಳ್ಳೆಯ ಬೆಲ್ಲವೂ ಸಮಯ ಕೊಡುತ್ತದೆ ಅಷ್ಟೆ, ಅಭಯ ಕೊಡುವುದಿಲ್ಲ.

ಅದೇ ಪರೀಕ್ಷೆ ಒಲೆ ಆರಿಸಿ, ಹಾಲು 85ಕ್ಕೆ ಇಳಿದ ಮೇಲೆ: ಹಳೆಯದು ಆಗಲೂ ಒಡೆಯಿತು. ಉಳಿದ ಮೂರೂ ನಿಂತವು. ಹಳೆ ಬೆಲ್ಲ ದನಕ್ಕೆ ಹೋಯಿತು.

ಹಂತ 6: ಸೋಡಾ

ಚಿಟಿಕೆ ಅಡುಗೆ ಸೋಡಾ ಹಾಕಿದರೆ ಒಡೆಯುವುದಿಲ್ಲ ಅಂತ ಅನೇಕರು ಹೇಳಿದರು. ನಿಜ, ಒಡೆಯುವುದಿಲ್ಲ. ಆದರೆ ಚಹಾ ಕೂಡಲೇ ಗಾಢ ಕೆಂಪು-ಕಂದಾಗುತ್ತದೆ, ನಾಲಿಗೆಯ ಹಿಂದೆ ಸಬಕಾರದ ರುಚಿ ಕೂರುತ್ತದೆ, ಪುಡಿಯ ಚುರುಕು ಹೋಗುತ್ತದೆ. ಕಡ್ಡಿ ತುದಿಯಷ್ಟು ಹಾಕಿದರೂ ನನಗೆ ಗೊತ್ತಾಯಿತು. ಕೈಬಿಟ್ಟೆ.

ಹಂತ 7: ಯಾವುದರ ಹಿಂದೆ ಯಾವುದು

ಎರಡು ರೀತಿ ನಿಂತವು.

ಮೊದಲನೆಯದು: ಚಹಾ ಪೂರ್ತಿ ಮಾಡಿ, ಒಲೆ ಆರಿಸಿ, ಒಂದು ನಿಮಿಷ ಬಿಟ್ಟು, ತುರಿದ ಬೆಲ್ಲ ಹಾಕಿ ಕಲಕಿ ಸೋಸುವುದು. ಪಾತ್ರೆ ಕಡಿಮೆ. ತೊಂದರೆ ಎರಡು. ಮರಳು ಕೊನೆಯ ಗುಟುಕಿಗೆ ಬರುತ್ತದೆ. ತುರಿ ಕರಗುವ ಹೊತ್ತಿಗೆ ಚಹಾ ಆರುತ್ತದೆ, ಬಿಸಿಯಿಲ್ಲ ಅಂತ ಯಾರಾದರೂ ಮತ್ತೆ ಒಲೆಗಿಟ್ಟರೆ ಮುಗಿಯಿತು.

ಎರಡನೆಯದು: ಸಿಹಿ ಪೂರ್ತಿ ಡಿಕಾಕ್ಷನ್‌ಗೆ, ಹಾಲು ಬೇರೆ. ಈಗ ನಡೆದಿರುವುದು ಇದೇ. ದೊಡ್ಡ ಪಾತೇಲಿಯಲ್ಲಿ ನೀರು ಮತ್ತು ಕುಟ್ಟಿದ ಶುಂಠಿ, ನಾಲ್ಕು ನಿಮಿಷ ಕುದಿ. ಪುಡಿ ಹಾಕಿ ಇನ್ನೈದು ನಿಮಿಷ, ಕೊನೆಯಲ್ಲಿ ಜಜ್ಜಿದ ಯಾಲಕ್ಕಿ ಎರಡು. ಸೋಸಿದ ಬೆಲ್ಲದ ಪಾಕ ಹಾಕಿ ಒಂದು ಕುದಿ. ಅಷ್ಟರಲ್ಲಿ ಪಕ್ಕದ ಒಲೆಯಲ್ಲಿ ಹಾಲು ಉಕ್ಕಿ ಇಳಿದಿರಬೇಕು. ಎರಡೂ ಒಲೆ ಬಂದ್. ಡಿಕಾಕ್ಷನ್ ಸೋಸಿ, ಹಾಲನ್ನು ಅದರೊಳಗೆ ಎತ್ತರದಿಂದ ಸುರಿಯುವುದು. ಕಡ್ಡಿ 86-88 ತೋರಿಸುತ್ತದೆ, ಕುಡಿಯಲು ಸಾಕಷ್ಟು ಬಿಸಿ.

ತಣ್ಣನೆಯ ಹಾಲು ಸುರಿದರೂ ಒಡೆಯಲಿಲ್ಲ, ಆದರೆ ಕುದಿಯದ ಹಾಲಿನ ಚಹಾಕ್ಕೆ ಹಸಿ ವಾಸನೆ ಇರುತ್ತದೆ, ನಮ್ಮ ಕಡೆ ಯಾರೂ ಒಪ್ಪುವುದಿಲ್ಲ. ಹಾಲನ್ನು ಬೇರೆಯಾಗಿ ಎರಡು ನಿಮಿಷ ಹೆಚ್ಚು ಕುದಿಸಿದರೆ ಒಟ್ಟಿಗೆ ಕುದಿಸಿದ ಚಹಾದ ಗಟ್ಟಿತನಕ್ಕೆ ಬಹಳ ಹತ್ತಿರ ಬರುತ್ತದೆ. ಪೂರ್ತಿ ಅದೇ ಅಲ್ಲ. ಪುಡಿ ಹಾಲಿನಲ್ಲಿ ಕುದಿದಾಗ ಬರುವ ಒಂದು ದುಂಡನೆಯ ರುಚಿ ಇದರಲ್ಲಿ ಕಡಿಮೆ. ಅದು ಬೇಕೇ ಬೇಕಾದರೆ ಮೊದಲನೆಯ ರೀತಿ, ಅದೂ ಗಾಣದ ಬೆಲ್ಲದಲ್ಲಿ ಮಾತ್ರ.

ಹಂತ 8: ಪುಡಿ ಏರಿಸಿದ್ದು

ಒಡೆಯುವುದು ನಿಂತ ಮೇಲೆ ಹೊಸ ದೂರು: ಚಹಾದಲ್ಲಿ ಚಹಾ ಇಲ್ಲ. ಸಕ್ಕರೆ ಬರೀ ಸಿಹಿ ಕೊಟ್ಟು ಪಕ್ಕಕ್ಕೆ ನಿಲ್ಲುತ್ತದೆ. ಬೆಲ್ಲಕ್ಕೆ ಸ್ವಂತ ವಾಸನೆ ಇದೆ, ಕರಿ ಬೆಲ್ಲಕ್ಕೆ ಇನ್ನೂ ಜೋರು, 10 ಗ್ರಾಂ ಪುಡಿ ಅದರಡಿ ಮುಳುಗಿಹೋಗುತ್ತದೆ. ಹೆಚ್ಚು ಹೊತ್ತು ಕುದಿಸಿ ನೋಡಿದೆ. ಎಂಟು ನಿಮಿಷಕ್ಕೆ ಒಗರು ಬಂತು, ಸುವಾಸನೆ ಬರಲಿಲ್ಲ.

ಕೆಲಸಕ್ಕೆ ಬಂದದ್ದು ಪುಡಿಯ ಮಿಶ್ರಣ. ನಮ್ಮ ಪೇಟೆಯಲ್ಲಿ ಖುಲ್ಲಾ ಚಹಾಪುಡಿ ಮಾರುವ ಅಂಗಡಿಯವರು ಕಾಳು ಮತ್ತು ಡಸ್ಟ್ ಬೇರೆ ಬೇರೆ ತೂಗಿಕೊಡುತ್ತಾರೆ. ಎರಡೂ ಸಿಟಿಸಿ ಪುಡಿಯೇ. ಎಲೆಯನ್ನು ಹಲ್ಲಿನ ರೋಲರುಗಳ ನಡುವೆ ಜಜ್ಜಿ, ಹರಿದು, ಸುರುಳಿ ಮಾಡುವ ಈ ಯಂತ್ರಪದ್ಧತಿ ಅಸ್ಸಾಮಿನಲ್ಲಿ 1930ರ ದಶಕದಲ್ಲಿ ಶುರುವಾದದ್ದು. ಹಾಲು-ಸಿಹಿ ತಡೆದು ನಿಲ್ಲುವ ಚಹಾ ಕಡಿಮೆ ಪುಡಿಯಲ್ಲಿ ಸಿಗುವುದು ಇದರಿಂದಲೇ. ಡಸ್ಟ್ ಕೂಡಲೇ ಬಣ್ಣ, ಖಡಕ್ ಕೊಡುತ್ತದೆ, ಕಾಳು ನಿಧಾನವಾಗಿ ಸುವಾಸನೆ. 8 ಗ್ರಾಂ ಕಾಳು, 4 ಗ್ರಾಂ ಡಸ್ಟ್, ಒಟ್ಟು 12. ಡಸ್ಟ್ ಕೊನೆಯ ಎರಡು ನಿಮಿಷಕ್ಕೆ ಮಾತ್ರ. ಅರ್ಧಕ್ಕರ್ಧ ಮಾಡಿದಾಗ ಜಾಳಿಗೆ ಕಟ್ಟಿಕೊಂಡು ತಳದಲ್ಲಿ ರಾಡಿ ಬಂತು.

ಹಂತ 9: ಪಾಕದ ಬಾಟಲಿ, ಖರ್ಚು

ದಿನಾ ಬೆಲ್ಲ ಕುಟ್ಟಿ, ಕರಗಿಸಿ, ಸೋಸುವುದು ಯಾರಿಂದಲೂ ಆಗದು. ಅರ್ಧ ಕಿಲೋ ಬೆಲ್ಲ, 250 ಮಿಲಿ ನೀರು, ಕರಗಿದ ಮೇಲೆ ಒಂದೇ ಕುದಿ, ಬಿಸಿಯಿರುವಾಗಲೇ ಧೋತರದಲ್ಲಿ ಸೋಸಿ ಗಾಜಿನ ಬಾಟಲಿಗೆ. 500 ಮಿಲಿಗೆ ಸ್ವಲ್ಪ ಮೇಲೆ ಬರುತ್ತದೆ. 45 ಗ್ರಾಂ ಬೆಲ್ಲಕ್ಕೆ ಲೆಕ್ಕ ಹಾಕಿದರೆ 48 ಮಿಲಿ ಪಾಕ. ಫ್ರಿಜ್ಜಿನಲ್ಲಿಟ್ಟರೆ ಒಂದು ವಾರ ಚಿಂತೆಯಿಲ್ಲ. ಹೊರಗಿಟ್ಟದ್ದು ಬೇಸಿಗೆಯಲ್ಲಿ ಎರಡನೆಯ ದಿನಕ್ಕೇ ಮುಚ್ಚಳ ತೆಗೆದಾಗ ಚುಸ್ ಅಂದಿತು, ಹುಳಿ ಬಂದಿತ್ತು. ಹುಳಿ ಬಂದ ಪಾಕ ಹಾಲಿಗೆ ಬಿದ್ದರೆ ಹಂತ 3ಕ್ಕೆ ವಾಪಸ್.

ನಾಲ್ಕು ಕಪ್ಪಿನ ಖರ್ಚು ನಮ್ಮ ಮನೆಗೆ ಬೀಳುವ ದರದಲ್ಲಿ: ಹಾಲು 280 ಮಿಲಿಗೆ 19.60 (ಲೀಟರಿಗೆ 70), ಪುಡಿ 5.75 (ಕಿಲೋಗೆ 480), ಬೆಲ್ಲ 2.70 (ಕಿಲೋಗೆ 60), ಶುಂಠಿ-ಯಾಲಕ್ಕಿ 2, ಎರಡು ಒಲೆಯ ಗ್ಯಾಸು ಅಂದಾಜು 3. ಒಟ್ಟು 33 ರೂಪಾಯಿ, ಕಪ್ಪಿಗೆ ಎಂಟೂಕಾಲು. ಸಕ್ಕರೆಯದಕ್ಕಿಂತ ಕಪ್ಪಿಗೆ ಒಂದು ರೂಪಾಯಿಯೊಳಗೆ ಹೆಚ್ಚು, ಅದೂ ಬೆಲ್ಲದ ಬೆಲೆಗಿಂತ ಏರಿಸಿದ ಪುಡಿ ಮತ್ತು ಎರಡನೆಯ ಒಲೆಯಿಂದ.

ಹಂತ 10: ಇನ್ನೂ ಕೂಡಿಬರದದ್ದು

ನಾಲ್ಕು ಕಪ್ಪಿಗೆ ಒಡೆಯುವುದಿಲ್ಲ. ಮನೆಯ ಕಾರ್ಯಕ್ಕೆ ಮೂವತ್ತು ಮಂದಿಗೆ ಮಾಡಿದಾಗ ಮೊದಲ ಹದಿನೈದು ಕಪ್ಪು ಸರಿ, ಥರ್ಮಾಸಿನಲ್ಲಿ ಉಳಿದದ್ದು ಒಂದು ತಾಸಿನ ಮೇಲೆ ನುಣುಪು ಕಳೆದುಕೊಂಡಿತ್ತು. ಅವತ್ತು ಮಾವನ ಬೆಲ್ಲ ಸಾಲದೆ ಅರ್ಧ ಅಂಗಡಿಯ ಹಳದಿ ಸೇರಿಸಿದ್ದೆ. 85 ಡಿಗ್ರಿಯಲ್ಲಿ ಒಂದು ನಿಮಿಷ ತಾಳುವ ಹಾಲು ಅದೇ ಬಿಸಿಯಲ್ಲಿ ಮುಚ್ಚಿ ತಾಸುಗಟ್ಟಲೆ ಇಟ್ಟರೆ ತಾಳುತ್ತದೆ ಅನ್ನುವ ಹಾಗಿಲ್ಲ.

ಮುಂದಿನ ಸಲಕ್ಕೆ ಎರಡು ಥರ್ಮಾಸು: ಒಂದರಲ್ಲಿ ಸಿಹಿ ಡಿಕಾಕ್ಷನ್, ಇನ್ನೊಂದರಲ್ಲಿ ಹಾಲು, ಬಡಿಸುವಾಗ ಕಪ್ಪಿನಲ್ಲೇ ಕೂಡಿಸುವುದು. ಅವ್ವನಿಗೆ ಹೇಳಿದರೆ, “ಅಷ್ಟ್ ಮಂದಿಗೆ ಎರಡೆರಡು ಸಲ ಸುರಿಯಾಕ ನಿನ್ನ ಹೊರ್ತು ಬ್ಯಾರೆ ಯಾರ ಬರ್ತಾರ?” ಅಂದಳು. ಎರಡನೆಯ ಥರ್ಮಾಸು ಎರವಲು ಕೇಳಿಟ್ಟಿದ್ದೇನೆ.